ಹತ್ತು ಗಂಟೆಯ ಖಣ

ಸೀರೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ಗಿರಾಕಿ ಚಪ್ಪಲಿ ಬಿಡುವ ರೀತಿ ನೋಡಿಯೇ ಅವಳು ಕೊಳ್ಳಲು ಬಂದಿದ್ದಾಳೋ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನೆರಳಿಗೆ ಬಂದಿದ್ದಾಳೋ ಹೇಳಬಲ್ಲೆ. ಜಂಬಕ್ಕೆ ಹೇಳುತ್ತಿಲ್ಲ. ಇಷ್ಟೆಲ್ಲ ತಿಳಿದವಳು ಬಾಗಲಕೋಟೆಗೆ ಹೋಗಿ ಎಂಥ ಎಡವಟ್ಟು ಮಾಡಿದೆ ಎಂಬುದನ್ನು ಹೇಳುವುದಿದೆ, ಅದಕ್ಕೆ ಮೊದಲು ಸ್ವಲ್ಪ ಮರ್ಯಾದೆ ಗಳಿಸಿಕೊಳ್ಳುತ್ತಿದ್ದೇನೆ, ಅಷ್ಟೇ.

ನನ್ನ ಹೆಸರು ಅಬೇದಾ, ಊರು ಇಳಕಲ್ಲು. ನಮ್ಮ ಮನೆಯವರು ಮಗ್ಗದಲ್ಲಿ ಸೀರೆ ನೇಯುತ್ತಾರೆ, ನಾನು ಬಜಾರದಲ್ಲಿ ಅಂದಪ್ಪನವರ ಅಂಗಡಿಯಲ್ಲಿ ಸೀರೆ ಮಾರುತ್ತೇನೆ. ಇಬ್ಬರಲ್ಲಿ ಯಾರ ಕೆಲಸ ದೊಡ್ಡದು ಎಂಬ ಜಗಳ ಮದುವೆಯಾದ ವಾರ ಶುರುವಾದದ್ದು ಇನ್ನೂ ಮುಗಿದಿಲ್ಲ.

ಅಂಗಡಿಯೆಂದರೆ ಸೀರೆ ಪೇರಿಸಿಟ್ಟ ಕೋಣೆ ಎಂದುಕೊಂಡವರು ಬಹಳ. ನಮ್ಮಲ್ಲಿ ಬಿಳಿ ಗಾದಿ ಹಾಸಿದೆ. ಗಿರಾಕಿ ಚಪ್ಪಲಿ ಬಿಟ್ಟು ಮೇಲೆ ಹತ್ತಿ ಕಾಲು ಮಡಚಿ ಕೂತಳೆಂದರೆ ಅರ್ಧ ವ್ಯಾಪಾರ ಆದಂತೆ, ಏಕೆಂದರೆ ಕೂತವರಿಗೆ ಏಳಲು ಮನಸ್ಸು ಬರುವುದಿಲ್ಲ. ಅವಳು ಕೇಳಿದ ಬೆಲೆಯ ಸೀರೆಯನ್ನು ಮೊದಲು ತೋರಿಸಬಾರದು. ಅದಕ್ಕಿಂತ ಅಗ್ಗದ್ದನ್ನು ತೋರಿಸಿ, ಅವಳು ಮೂಗು ಮುರಿದ ಮೇಲೆ, ದುಬಾರಿಯದನ್ನು ಅವಳ ತೊಡೆಯ ಮೇಲೆಯೇ ಬಿಚ್ಚಿ ಸೆರಗು ಹರವಬೇಕು. ದರ ಹೇಳುವ ಹೊತ್ತಿಗೆ ಸರಿಯಾಗಿ ಚಹಾ ಬರಬೇಕು. ಬಾಯಲ್ಲಿ ಬಿಸಿ ಚಹಾ ಇದ್ದವರು ಜೋರಾಗಿ ಜಗಳಾಡುವುದಿಲ್ಲ. ಇದನ್ನು ನನಗೆ ಕಲಿಸಿದವರು ಅಂದಪ್ಪನವರೇ.

ಎಲ್ಲಕ್ಕಿಂತ ದೊಡ್ಡದು ಬೋಣಿಗೆ. ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು. ಕಳಿಸಿದರೆ ದಿನವಿಡೀ ನೊಣ ಹೊಡೆಯುವುದೇ ಗತಿ. ಲಾಭ ಬಿಟ್ಟಾದರೂ ಸರಿ, ಅವಳ ಕೈಗೆ ಏನಾದರೂ ಕೊಟ್ಟು, ಆ ಮೊದಲ ರೊಕ್ಕವನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಬೇಕು. ಅಂದಪ್ಪನವರು ವಿಭೂತಿ ಹಚ್ಚಿಕೊಂಡು ಒತ್ತಿಕೊಳ್ಳುತ್ತಾರೆ, ನಾನು ಬಿಸ್ಮಿಲ್ಲಾ ಎಂದು ಒತ್ತಿಕೊಳ್ಳುತ್ತೇನೆ. ರೊಕ್ಕ ಇಬ್ಬರಲ್ಲೂ ಭೇದ ಮಾಡಿದ್ದನ್ನು ನಾನು ನೋಡಿಲ್ಲ.

ಈ ಬೋಣಿಗೆಯ ಗುಟ್ಟನ್ನು ಅಂಗಡಿಯವರಿಗಿಂತ ಚೆನ್ನಾಗಿ ಬಲ್ಲವಳು ಕಮತಗಿಯ ಗುರುಸಿದ್ದವ್ವ. ಅರವತ್ತು ದಾಟಿದ ಹೆಂಗಸು, ಹಣೆ ತುಂಬ ಕುಂಕುಮ. ಅವಳ ಬಳಗದಲ್ಲಿ ಯಾರ ಮದುವೆ ಗೊತ್ತಾದರೂ ಸೀರೆ ತರುವ ಯಜಮಾನಿಕೆ ಅವಳದೇ. ಮೊದಲ ಬಸ್ಸಿಗೆ ಬಂದು ಶಟರ್ ಎತ್ತುವ ಮೊದಲೇ ಕಟ್ಟೆಯ ಮೇಲೆ ಕೂತಿರುತ್ತಾಳೆ. ಬೋಣಿಗೆಯ ಹೊತ್ತಿನಲ್ಲಿ ಅಂಗಡಿಯವನ ನಾಲಿಗೆ ಮೆತ್ತಗಿರುತ್ತದೆ ಎಂದು ಅವಳಿಗೆ ಗೊತ್ತು. ಅಂದಪ್ಪನವರು ಅವಳನ್ನು ಕಂಡರೆ ನಿಟ್ಟುಸಿರು ಬಿಡುತ್ತಿದ್ದರು, ಆದರೆ ಒಂದು ದಿನವೂ ಬರಿಗೈಯಲ್ಲಿ ಕಳಿಸಿದವರಲ್ಲ.

ಇಂಥ ಅಂಗಡಿಯ ಗಾದಿಯ ಮೇಲೆ ಅಂಬೆಗಾಲಿಟ್ಟು ಬೆಳೆದವಳು ಅವರ ಮಗಳು ಶೈಲಾ. ಮದುವೆಯಾಗಿ ಬಾಗಲಕೋಟೆ ಸೇರಿದ್ದಳು. ಅಲ್ಲಿಯ ನವನಗರದಲ್ಲಿ ಅಪ್ಪನ ಹೆಸರಿನಲ್ಲಿದ್ದ ಒಂದು ಮಳಿಗೆ ಖಾಲಿಯಾದಾಗ, ಸೀರೆ ಅಂಗಡಿ ಹಾಕುತ್ತೇನೆ ಎಂದು ಹಟ ಹಿಡಿದಳು. ಅದೂ ಹೊಸ ನಮೂನೆಯದು. ಗಾದಿ ಇಲ್ಲ, ಕಪಾಟಿನಲ್ಲಿ ಸೀರೆ, ಪ್ರತಿ ಸೀರೆಗೂ ಚೀಟಿ, ಚೀಟಿಯ ಮೇಲೆ ಬರೆದದ್ದೇ ದರ. ದರ ಕೇಳಲು ನಾಚುವ ಹೆಣ್ಣುಮಕ್ಕಳಿದ್ದಾರೆ, ಚೌಕಾಶಿ ಬಾರದೆ ಮೋಸ ಹೋಗುವವರಿದ್ದಾರೆ, ಒಂದೇ ಸೀರೆಗೆ ಇಬ್ಬರಿಗೆ ಎರಡು ದರ ಹೇಳುವುದು ಯಾವ ನ್ಯಾಯ ಎಂದು ಅಪ್ಪನನ್ನು ಕೇಳಿದಳು. ಮಾತು ಸುಳ್ಳಲ್ಲ. ಆ ನಾಚುವ ಹೆಣ್ಣುಮಕ್ಕಳಿಂದಲೇ ನಮ್ಮ ದೀಪಾವಳಿ ಆಗುತ್ತಿತ್ತು ಎಂಬುದೂ ಸುಳ್ಳಲ್ಲ.

ಬೋಣಿಗೆಗಾದರೂ ಕಡಿಮೆ ಮಾಡುತ್ತೀಯೋ ಇಲ್ಲವೋ ಎಂದು ಅಂದಪ್ಪನವರು ಕೇಳಿದರು. ಶರಣರು ಬೋಣಿಗೆ ನೋಡಿ ಕಾಯಕ ಮಾಡಿದರೇನಪ್ಪಾ ಎಂದಳು ಶೈಲಾ. ಶರಣರಿಗೆ ಕರೆಂಟ್ ಬಿಲ್ ಬರುತ್ತಿರಲಿಲ್ಲ ಎಂದರು ಅವರು. ಕಡೆಗೆ ಒಂದು ಕರಾರಾಯಿತು. ಬಸವ ಜಯಂತಿಯ ದಿನ ಅಂಗಡಿ ಶುರು, ಕಾರಹುಣ್ಣಿಮೆಯ ದಿನ ಅವರು ಬಂದು ಕೂತು ನೋಡುವುದು. ನಡೆಯುವ ಲಕ್ಷಣ ಕಾಣದಿದ್ದರೆ ಮಳಿಗೆ ಮೊಬೈಲ್ ಅಂಗಡಿಯವನಿಗೆ ಬಾಡಿಗೆಗೆ. ಆ ಮನುಷ್ಯ ಆಗಲೇ ಮುಂಗಡ ಹಿಡಿದುಕೊಂಡು ಓಡಾಡುತ್ತಿದ್ದ. ಜೊತೆಗೆ ನನ್ನನ್ನು ಕಳಿಸಿಕೊಟ್ಟರು. ನಾನು ಸಂತೋಷದಿಂದಲೇ ಹೋದೆ. ಅಲ್ಲಿ ಕುರ್ಚಿ ಇತ್ತು, ಗಾದಿಯ ಮೇಲೆ ಕೂತೂ ಎದ್ದೂ ನನ್ನ ಮೊಣಕಾಲು ಕಿರುಗುಟ್ಟತೊಡಗಿದ್ದವು. ಇರಲು ತಂಗಿ ಆರಿಫಾಳ ಮನೆ ಎರಡು ಓಣಿ ಆಚೆಗಿತ್ತು. ಮುಖ್ಯವಾಗಿ, ನಾನು ಜಡೆ ಹಾಕಿದ ಹುಡುಗಿ ಸೋಲುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ.

ಮೊದಲ ದಿನ ಪೂಜೆ ಮುಗಿದು ಪೇಢೆ ಹಂಚುತ್ತಿದ್ದಂತೆ ಯಾರು ಬರಬೇಕು? ಗುರುಸಿದ್ದವ್ವ. ಹೊಸ ಅಂಗಡಿಯ ಮೊದಲ ಬೋಣಿಗೆ ಎಂದರೆ ಅವಳ ಪಾಲಿಗೆ ಹಬ್ಬ. ಇಳಕಲ್ಲಿನ ಕೆಂಪು ಟೋಪು ಸೆರಗಿನ ಹಸಿರು ಸೀರೆಯೊಂದನ್ನು ಆರಿಸಿ, ಚೀಟಿಯ ಮೇಲಿದ್ದ ಸಾವಿರದ ಆರುನೂರೈವತ್ತನ್ನು ಓದಿಸಿ ಕೇಳಿ, ಸಾವಿರದ ಇನ್ನೂರು ಎಂದಳು. ಶೈಲಾ ನಗುತ್ತಲೇ ಇಲ್ಲ ಎಂದಳು. ಸಾವಿರದ ಐದುನೂರು. ಇಲ್ಲ. ಬೋಣಿಗೆಗೆ ಬರೀ ಹತ್ತು ರೂಪಾಯಿ ಕಡಿಮೆ ಮಾಡು ಎಂದಳು ಮುದುಕಿ. ನಾನು ಶೈಲಾಳ ಕಡೆ ನೋಡಿದೆ. ಎಲ್ಲರಿಗೂ ಒಂದೇ ದರ ಎಂದಳು ಅವಳು.

ಗುರುಸಿದ್ದವ್ವ ಕೂಗಾಡಲಿಲ್ಲ. ಸೀರೆಯನ್ನು ಮಡಚಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ಹೇಳಿದಳು:

"ಹತ್ತ ರೂಪಾಯಿಂದ ನಾ ಸಾವಕಾರ್ತಿ ಆಗತಿದ್ದಿಲ್ಲ, ತಂಗಿ. ನೀ ಬಡವಿ ಆಗತಿದ್ದಿಲ್ಲ. ಬೋಣಿಗಿ ಹೊತ್ತಿನ್ಯಾಗ ಬರಿಗೈಲೆ ಕಳಸಿದಿ. ಇನ್ನ ಈ ಮೆಟ್ಟಲಾ ನಾ ಹತ್ತೂದಿಲ್ಲ."

ಆ ದಿನ ಸಂಜೆಯವರೆಗೆ ಬಂದವರು ಏಳು ಜನ. ಅದರಲ್ಲಿ ಮೂವರು ಪೇಢೆಗೆ ಬಂದವರು, ಒಬ್ಬರು ಪಕ್ಕದ ದವಾಖಾನಿ ಎಲ್ಲಿ ಎಂದು ಕೇಳಲು. ಹೊಸ ಅಂಗಡಿ, ಜನಕ್ಕೆ ಗೊತ್ತಿಲ್ಲ ಎಂದಳು ಶೈಲಾ. ನನ್ನ ಕಿವಿಯಲ್ಲಿ ಮಾತ್ರ ಮುದುಕಿ ಬಾಗಿಲಲ್ಲಿ ನಿಂತು ಆಡಿದ ಮಾತೇ ಇತ್ತು.

ಮನೆಗೆ ಹೋಗಿ ಆರಿಫಾಳ ಮುಂದೆ ಕೂತೆ. ನನ್ನ ತಂಗಿ ಟೇಲರು. ಅವಳ ಮಷೀನು ನಿಂತದ್ದನ್ನು ನಾನು ಕಂಡದ್ದು ಕರೆಂಟು ಹೋದಾಗ ಮಾತ್ರ. ಹೊಸ ಮಿಕ್ಸರಿಗೆಂದು ನಾನು ಕೂಡಿಟ್ಟಿದ್ದ ರೊಕ್ಕದಿಂದ ಎರಡು ನೂರರ ನೋಟು ತೆಗೆದು ಅವಳ ಕೈಯಲ್ಲಿಟ್ಟೆ. ನಾಳೆ ಹತ್ತು ಗಂಟೆಗೆ ಬಾ, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಗುಳೇದಗುಡ್ಡದ ಕುಪ್ಪಸದ ಖಣ, ನೂರಾ ಎಂಬತ್ತು, ಒಂದು ಕೊಂಡುಕೊಂಡು ಹೋಗು ಎಂದೆ. ನನಗೆ ಖಣ ಯಾಕೆ ಎಂದಳು. ನಿನಗೆ ಬೇಡ, ಗಲ್ಲಾಕ್ಕೆ ಬೇಕು ಎಂದೆ. ಇದು ಮೋಸವಲ್ಲವೇ ಎಂದಳು. ಮೋಸ ಹೇಗಾಗುತ್ತದೆ? ನಿಜವಾದ ಅಂಗಡಿ, ನಿಜವಾದ ಖಣ, ನಿಜವಾದ ರೊಕ್ಕ. ಗಿರಾಕಿ ಒಬ್ಬಳೇ ಸ್ವಲ್ಪ ಅಕ್ಕನ ಮಾತು ಕೇಳುವವಳು.

ಮರುದಿನ ಹತ್ತಕ್ಕೆ ಅವಳು ಬಂದಳು. ಶೈಲಾ ಮನೆಯ ರೊಟ್ಟಿ ಕೆಲಸ ಮುಗಿಸಿ ಬರುವುದು ಹತ್ತೂವರೆಗೆ, ಆದ್ದರಿಂದ ನೋಡುವವರು ಯಾರೂ ಇರಲಿಲ್ಲ. ಕೆಂಪು ಖಣ ಕೊಟ್ಟೆ, ಮಷೀನಿನಲ್ಲಿ ಬಿಲ್ ತೆಗೆದೆ, ರೊಕ್ಕ ಕಣ್ಣಿಗೊತ್ತಿಕೊಂಡೆ. ಆ ದಿನ ಹನ್ನೊಂದು ಸೀರೆ ಹೋದವು. ಆಮೇಲೆ ಯಾರಾದರೂ ನನಗೆ ಬೋಣಿಗೆ ಸುಳ್ಳು ಎಂದು ಹೇಳಲಿ ನೋಡೋಣ.

ಇನ್ನು ನಿಲ್ಲಿಸುವುದು ಹೇಗೆ? ಸೋಮವಾರದ ರಜೆ ಬಿಟ್ಟು ದಿನವೂ ಹತ್ತು ಗಂಟೆಗೆ ಆರಿಫಾ ಹಾಜರು. ಅವಳಿಗಿಂತ ಮೊದಲು ಬೇರೆ ಗಿರಾಕಿ ಬಂದು ಏನಾದರೂ ಕೊಂಡ ದಿನ ನಾನು ಬಾಗಿಲಿನಿಂದಲೇ ಕೈಸನ್ನೆ ಮಾಡಿ ಅವಳನ್ನು ವಾಪಸ್ ಕಳಿಸುತ್ತಿದ್ದೆ. ಅಂಥ ದಿನಗಳು ಕಡಿಮೆ.

ವ್ಯಾಪಾರ ಮೆಲ್ಲಗೆ ಏರಿತು. ಇದು ಒಂದೇ ದರದ ಗುಣ ಎಂದಳು ಶೈಲಾ; ನಾನು ಸೀರೆ ಮಡಚುತ್ತ ತಲೆಯಾಡಿಸಿದೆ. ಅವಳ ಪದ್ಧತಿಗಳಲ್ಲಿ ಕೆಲವು ನನಗೂ ಹಿಡಿಸಿದ್ದವು, ಒಪ್ಪಿಕೊಳ್ಳುತ್ತೇನೆ. ಒಳಗೆ ಬಂದವರು ಹೆಚ್ಚಾಗಿ ಬಲಕ್ಕೆ ತಿರುಗುತ್ತಾರೆ, ಆದ್ದರಿಂದ ಒಳ್ಳೆಯ ಸೀರೆ ಬಲಕ್ಕೆ ಎಂದಳು. ನಾನು ಒಂದು ದಿನ ಎಣಿಸಿ ನೋಡಿದೆ, ಹತ್ತರಲ್ಲಿ ಏಳು ಜನ ಬಲಕ್ಕೇ ತಿರುಗಿದರು. ಕೆಲಸಕ್ಕೆ ಹೋಗುವ ಹುಡುಗಿಯರು ಬಂದು ಯಾರನ್ನೂ ಮಾತಾಡಿಸದೆ ಚೀಟಿ ನೋಡಿ ಕೊಂಡು ಹೋಗುತ್ತಿದ್ದರು. ಅವರ ಮುಖದಲ್ಲಿ ಒಂದು ನಿರಾಳ ಇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರ ನಿರಾಳ ನಾನು ಕಸಿದಿದ್ದೇನೋ ಎಂದು ಒಮ್ಮೊಮ್ಮೆ ಅನಿಸಿ, ಚಹಾ ಕುಡಿದು ಮರೆಯುತ್ತಿದ್ದೆ.

ಶೈಲಾ ದಿನವೂ ಕಂಪ್ಯೂಟರ್ ನೋಡುವವಳು. ಮೂರನೇ ವಾರ ಅದರಲ್ಲಿ ಒಂದು ವಿಚಿತ್ರ ಕಂಡುಹಿಡಿದಳು. ದಿನದ ಮೊದಲ ವ್ಯಾಪಾರ ಹೆಚ್ಚುಕಡಿಮೆ ಯಾವಾಗಲೂ ಖಣ. ಹತ್ತು ಗಂಟೆ ಎರಡು ನಿಮಿಷ, ಖಣ. ಹತ್ತು ಗಂಟೆ ನಾಲ್ಕು ನಿಮಿಷ, ಖಣ. ಅವಳ ಕಣ್ಣು ಹೊಳೆಯತೊಡಗಿದವು. ಬೆಳಗಿನ ಗಿರಾಕಿಗೆ ಬೇಕಾದದ್ದು ಸೀರೆಯಲ್ಲ, ಖಣ; ಇದನ್ನು ಇಳಕಲ್ಲಿನಲ್ಲಿ ಯಾರೂ ಗಮನಿಸಿಲ್ಲ ಎಂದಳು. ಕಾಕತಾಳೀಯ ಇರಬಹುದು ಎಂದೆ. ಇಷ್ಟು ದಿನ ಒಂದೇ ಸಮ ಎಲ್ಲಿಯ ಕಾಕತಾಳೀಯ ಎಂದು ನನ್ನನ್ನೇ ಕೇಳಿ, ಮರುದಿನ ಆ ಗಿರಾಕಿಗಳನ್ನು ಕಣ್ಣಾರೆ ನೋಡಲು ಒಂಬತ್ತೂ ಮುಕ್ಕಾಲಿಗೇ ಬಂದು ಕೂತಳು.

ಆರಿಫಾಳಿಗೆ ಹೇಳಿ ಕಳಿಸಲು ಸಮಯವೇ ಇರಲಿಲ್ಲ. ಅವಳು ಒಳಗೆ ಬಂದು ಬಾಯಿ ತೆರೆಯುವ ಮೊದಲೇ ಕಣ್ಣಲ್ಲಿ ಗದರಿಸಿದೆ. ತಕ್ಷಣ ತಿಳಿದುಕೊಂಡು, ಜನ್ಮದಲ್ಲಿ ನನ್ನನ್ನು ನೋಡಿಯೇ ಇಲ್ಲದವಳಂತೆ, ಖಣ ತೋರಿಸ್ರಿ ಎಂದಳು. ಶೈಲಾ ಎದ್ದು ಬಂದಳು. ದಿನವೂ ಬರುವವರು ನೀವೇ ಏನು, ಖಣವೇ ಯಾಕೆ, ಬೆಳಿಗ್ಗೆಯೇ ಯಾಕೆ ಎಂದು ಪ್ರೀತಿಯಿಂದ ಕೇಳಿದಳು. ನನ್ನ ತಂಗಿಗೆ ಪ್ರೀತಿಯಿಂದ ಕೇಳಿದರೆ ಮುಗಿಯಿತು, ಮನೆಯ ಕೀಲಿಕೈ ಕೂಡ ಕೊಟ್ಟುಬಿಡುತ್ತಾಳೆ.

"ನಾ ಟೇಲರ್ ಅದೀನ್ರಿ. ಈಗ ಎಲ್ಲಾರಿಗೂ ಖಣದ ಕುಪ್ಪಸಾನ ಬೇಕಾಗೇತಿ. ನಮ್ಮ ಓಣ್ಯಾಗಿನ ಹೆಣ್ಣಮಕ್ಕಳು ನನ್ನ ಜೀವಾ ತಿನ್ನಾಕ ಹತ್ಯಾರ್ರಿ," ಎಂದಳು.

ಒಂದು ಕುಪ್ಪಸವನ್ನೂ ಅವಳು ಹೊಲಿದಿರಲಿಲ್ಲ. ನಾನು ಕೊಡಿಸಿದ ಖಣಗಳೆಲ್ಲ ಅವಳ ಟ್ರಂಕಿನಲ್ಲಿದ್ದವು. ಒಂದೇ ದರ ಇರುವುದು ಹೇಗೆನಿಸುತ್ತದೆ ಎಂದು ಶೈಲಾ ಕೇಳಿದಳು. ಭಾಳ ಚಲೋ ಆಗೈತ್ರಿ, ಕಡಿಮೆ ಕೇಳುವ ತಲೆನೋವೇ ಇಲ್ಲ ಎಂದಳು ಆರಿಫಾ. ಕೇಳುವುದೇಕೆ, ರೊಕ್ಕ ನನ್ನದು.

ಅದೇ ಮಧ್ಯಾಹ್ನ ಶೈಲಾ ಗುಳೇದಗುಡ್ಡಕ್ಕೆ ಫೋನು ಹಚ್ಚಿದಳು. ನಾನೂರು ಖಣ. ನಾನು ಇನ್ನೂರು ಸಾಕು ಎಂದೆ, ನೂರು ಸಾಕು ಎಂದೆ, ಆಮೇಲೆ ಮಳೆಗಾಲ ಬರುತ್ತದೆ ಎಂದೆ. ಮಳೆಗಾಲಕ್ಕೂ ಖಣಕ್ಕೂ ಏನು ಸಂಬಂಧ ಎಂದು ಅವಳು ಕೇಳಿದಾಗ ಕಸಬರಿಗೆ ಹುಡುಕುತ್ತ ಒಳಗೆ ಹೋದೆ. ನಾಲ್ಕು ದಿನದಲ್ಲಿ ಗಂಟುಗಳು ಬಂದಿಳಿದವು. ಮುಂದಿನ ಗಾಜಿನಲ್ಲಿದ್ದ ಸೀರೆಗಳನ್ನು ಹಿಂದಕ್ಕೆ ಸರಿಸಿ, ಇಡೀ ಗಾಜಿಗೆ ಖಣ ತೂಗುಹಾಕಿದಳು. ನೇರಳೆ, ಹಳದಿ, ಗಿಳಿಹಸಿರು. ನೋಡಲು ಚಂದವೇ ಇತ್ತು. ದಿನವೂ ಹತ್ತಕ್ಕೆ ಆರಿಫಾ ಒಂದು ಒಯ್ಯುತ್ತಿದ್ದಳು, ಉಳಿದವು ನನ್ನನ್ನು ನೋಡುತ್ತ ತೂಗುತ್ತಿದ್ದವು.

ಮನೆಯಲ್ಲಿ ಆರಿಫಾಳಿಗೆ ಚೆನ್ನಾಗಿ ಬೈದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಮರುದಿನ ಟ್ರಂಕು ತೆಗೆದು ಖಣಗಳನ್ನು ಕತ್ತರಿಸತೊಡಗಿದಳು. ಬಾಯಿಂದ ಬಂದ ಸುಳ್ಳನ್ನು ಕೈಯಿಂದ ಖರೆ ಮಾಡುತ್ತೇನೆ ಎಂದಳು. ಸಾದಾ ಬಟ್ಟೆಯ ಕುಪ್ಪಸಕ್ಕೆ ಖಣದ ತೋಳು, ಖಣದ ಬೆನ್ನು ಹಚ್ಚಿ ಹೊಲಿದು, ಬಾಗಿಲಲ್ಲಿ ತೂಗುಹಾಕಿದಳು, ತಾನೂ ಒಂದು ತೊಟ್ಟಳು. ಹೊಲಿಸಲು ಬಂದವರಿಗೆಲ್ಲ ತೋರಿಸಿದಳು. ನಾನು ಅದಕ್ಕೆ ಲಕ್ಷ್ಯ ಕೊಡಲಿಲ್ಲ. ನನ್ನ ಚಿಂತೆಯೆಲ್ಲ ಕಾರಹುಣ್ಣಿಮೆಯದು.

ಹುಣ್ಣಿಮೆಯ ಹಿಂದಿನ ಸಂಜೆ ಶೈಲಾ ಅಪ್ಪನಿಗೆ ತೋರಿಸಲು ಮಾಡಿಕೊಂಡ ಹಾಳೆಗಳನ್ನು ನನಗೆ ಓದಿ ಹೇಳಿದಳು. ಮೊದಲನೆಯ ಹಾಳೆಯೇ ಖಣ. ಬಣ್ಣ ಬಣ್ಣದ ಗೆರೆ ಎಳೆದಿದ್ದಳು. ಅಪ್ಪ ನಲವತ್ತು ವರ್ಷ ವ್ಯಾಪಾರ ಮಾಡಿಯೂ ಕಾಣದ್ದನ್ನು ನಾನು ಕಂಡೆ, ಇದೊಂದು ಸಾಕು ಅವನಿಗೆ ನನ್ನ ಮೇಲೆ ನಂಬಿಕೆ ಬರಲು ಎಂದಳು. ಅವಳ ಮುಖ, ಶಾಲೆಯಲ್ಲಿ ಮೊದಲ ನಂಬರು ಬಂದ ದಿನ ಗಾದಿಯ ಮೇಲೆ ಕುಣಿದಾಗ ಇದ್ದಂಥದೇ. ನನಗೆ ಅಳು ಬಂತು. ಕಣ್ಣಲ್ಲಿ ಕಸ ಬಿತ್ತೆಂದು ಹೇಳಿ ಹೊರಟೆ.

ರಾತ್ರಿ ಊಟಕ್ಕೆ ಕೂತೆ. ನಾಳೆ ಬರಬೇಡ ಎಂದು ಆರಿಫಾಳಿಗೆ ಹೇಳಿದೆ. ಇಪ್ಪತ್ತೆರಡು ವರ್ಷ ಅನ್ನ ಹಾಕಿದವರ ಕಣ್ಣ ಮುಂದೆ ಆ ನಾಟಕ ನನ್ನಿಂದಾಗದು. ಹಾಗಾದರೆ ಬೋಣಿಗೆ ಎಂದಳು. ಆಗದಿದ್ದರೆ ಬಿಡಲಿ ಎಂದೆ. ಅವಳು ಏನೋ ಲೆಕ್ಕ ಹಾಕುವವಳಂತೆ ನನ್ನ ಮುಖ ನೋಡಿ, ಮತ್ತೊಂದು ರೊಟ್ಟಿ ಹಾಕಿದಳು.

ಅಂದಪ್ಪನವರು ಒಂಬತ್ತೂವರೆಗೇ ಬಂದರು. ಇಸ್ತ್ರಿ ಮಾಡಿದ ಧೋತರ, ಹಣೆಯ ಮೇಲೆ ವಿಭೂತಿ. ಕುರ್ಚಿಯಲ್ಲಿ ಕೂರಲು ಅವರಿಗೆ ಬರುತ್ತಿರಲಿಲ್ಲ. ಕಾಲು ಎತ್ತಿ ಮಡಚಿಕೊಂಡರು. ಶೈಲಾ ಹಾಳೆಗಳನ್ನು ಹಿಡಿದು, ಈಗ ನೋಡಪ್ಪಾ, ಹತ್ತು ಗಂಟೆಗೆ ಖಣದ ಗಿರಾಕಿ ಬರುತ್ತಾರೆ ಎಂದಳು. ಹತ್ತಾಯಿತು. ಹತ್ತು ಹತ್ತಾಯಿತು. ಬಾಗಿಲಿಗೆ ಬಂದದ್ದು ಗಾಳಿ ಮಾತ್ರ. ಹತ್ತೂ ಕಾಲಿಗೆ ಶೈಲಾ ಗಡಿಯಾರ ನೋಡಿ, ನನ್ನನ್ನು ನೋಡಿ, ಇವತ್ತು ಏನೋ ತಡವಾಗಿದೆ ಎಂದು ಅಪ್ಪನಿಗೆ ಸಮಜಾಯಿಷಿ ಹೇಳಿದಳು. ಇನ್ನು ತಡೆಯಲು ನನ್ನಿಂದಾಗಲಿಲ್ಲ.

"ಯಾರೂ ಬರೂದಿಲ್ರಿ ಸಾವಕಾರ್ರ," ಎಂದೆ. "ದಿನಾ ಬರಾಕಿ ನನ್ನ ತಂಗಿ. ರೊಕ್ಕಾ ನಂದು. ಬೋಣಿಗಿ ತಪ್ಪಬಾರದಂತ ನಾನ ಕಳಸತಿದ್ದೆ. ಇಪ್ಪತ್ತೊಂಬತ್ತು ಖಣ ಹಂಗ ಹ್ವಾದವು."

ಶೈಲಾ ಕೈಯಲ್ಲಿದ್ದ ಹಾಳೆಗಳನ್ನು ಮೆಲ್ಲಗೆ ಮಡಚಿದಳು, ಮಡಚಿದ್ದನ್ನು ಮತ್ತೆ ಮಡಚಿದಳು. ನಾನು ಅವಳ ಬೈಗುಳಕ್ಕೆ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರ ಅಬೇದಕ್ಕ," ಎಂದಳು, "ನಿಮ್ಮ ತಂಗಿ ಒಬ್ಬಾಕಿ ಸಲುವಾಗಿ ನಾ ನಾಕನೂರ ಖಣ ತರಿಸೇನೇನು?"

ನಾನು ಮುಖವನ್ನು ಬೀದಿಯ ಕಡೆ ತಿರುಗಿಸಿದೆ. ಗಾಜಿನಲ್ಲಿ ಖಣಗಳು ತೂಗುತ್ತಿದ್ದವು. ಅವುಗಳ ಸಂದಿನಲ್ಲಿ ಯಾರೋ ರಸ್ತೆಯಿಂದ ಒಳಗೆ ಇಣುಕಿ ನೋಡುತ್ತಿರುವುದು ಕಂಡಿತು. ಹಣೆ ತುಂಬ ಕುಂಕುಮ. ಹಿಂದೆ ಮೂವರು ಹೆಂಗಸರು.

ಗುರುಸಿದ್ದವ್ವ ಬೋರ್ಡು ನೋಡಿದಳು, ಮೆಟ್ಟಿಲು ನೋಡಿದಳು, ಒಳಗೆ ನನ್ನನ್ನೂ ಶೈಲಾಳನ್ನೂ ನೋಡಿದಳು. ಇದೇ ಅಂಗಡಿ ಏನು ಎಂದು ಜೊತೆಯವರನ್ನು ಕೇಳಿದಳು; ಅವರು ಹೌದೆಂದರು. ಮೆಟ್ಟಿಲ ಬುಡದಲ್ಲೇ ನಿಂತು ಬಂದ ಕಾರಣ ಹೇಳಿದಳು. ಕಮತಗಿಯಲ್ಲಿ ಅವಳ ತಮ್ಮನ ಮೊಮ್ಮಗಳ ಮದುವೆ. ಮದುಮಗಳ ಗೆಳತಿಯೊಬ್ಬಳು ಖಣದ ತೋಳಿನ ಕುಪ್ಪಸ ತೊಟ್ಟು ಬಂದಿದ್ದಳಂತೆ. ಮನೆಯ ಹೆಣ್ಣುಮಕ್ಕಳೆಲ್ಲ ತಮಗೂ ಅಂಥದೇ ಬೇಕೆಂದು ಹಟ ಹಿಡಿದು, ಹೊಲಿದವಳ ಪತ್ತೆ ಹಚ್ಚಿ ನಿನ್ನೆಯೇ ಫೋನು ಮಾಡಿದ್ದರು. ಆ ಟೇಲರು ಖಣ ಈ ಅಂಗಡಿಯಲ್ಲಿ ಸಿಗುತ್ತದೆ, ಹತ್ತು ಗಂಟೆಗೆ ಸರಿಯಾಗಿ ಹೋಗಿರಿ, ಬೋಣಿಗೆ ನಿಮ್ಮದೇ ಆಗಲಿ ಎಂದು ಎರಡೆರಡು ಸಲ ಹೇಳಿದಳಂತೆ. ಕಮತಗಿಯ ಬಸ್ಸು ಕಾಲು ತಾಸು ತಡವಾಗಿತ್ತು.

ಆರಿಫಾ. ರಾತ್ರಿ ಆ ಮತ್ತೊಂದು ರೊಟ್ಟಿ ಹಾಕುವಾಗ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಇದು.

ಹತ್ತುವುದಿಲ್ಲ ಎಂದ ಮೆಟ್ಟಿಲನ್ನು ಗುರುಸಿದ್ದವ್ವ ಹತ್ತಿದಳು. ನೇರಳೆ ಖಣವೊಂದನ್ನು ಬೆಳಕಿಗೆ ಹಿಡಿದು, ತಿರುವಿ, ನೂಲು ಎಳೆದು ನೋಡಿ, ಎಷ್ಟು ಎಂದಳು. ನೂರಾ ಎಂಬತ್ತು ಎಂದಳು ಶೈಲಾ. ಬೋಣಿಗೆ ಆಗಿದೆಯೇ ಎಂದಳು ಮುದುಕಿ. ಇಲ್ಲ ಎಂದಳು ಶೈಲಾ.

"ಹಂಗಾರ ಎಷ್ಟ ಕಡಿಮಿ ಮಾಡತಿ?"

ಅಂದಪ್ಪನವರು ಕುರ್ಚಿಯಿಂದ ಕಾಲು ಕೆಳಗಿಳಿಸಿದರು. ಹತ್ತು ರೂಪಾಯಿ ಬಿಡು ಎಂದು ಅವರ ಮುಖವೆಲ್ಲ ಹೇಳುತ್ತಿತ್ತು, ನನ್ನದೂ ಹೇಳುತ್ತಿತ್ತು. ಆದರೆ ಬಿಟ್ಟರೆ ಶೈಲಾಳ ಚೀಟಿಗಳಿಗೆ ಅರ್ಥವಿಲ್ಲ. ಬೆಳಿಗ್ಗೆ ಬಂದವಳಿಗೆ ಒಂದು ದರ, ನಾಚಿಕೊಂಡು ಮಧ್ಯಾಹ್ನ ಬರುವ ಹುಡುಗಿಗೆ ಒಂದು ದರ. ಬಿಡದಿದ್ದರೆ ಮುದುಕಿ ಎರಡನೆಯ ಸಲ ಬರಿಗೈಯಲ್ಲಿ ಇಳಿಯುತ್ತಾಳೆ, ಅದೂ ಅಪ್ಪನ ಕಣ್ಣ ಮುಂದೆ. ಶೈಲಾ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಮೇಜಿನ ಕೆಳಗಿಂದ ತನ್ನ ಸ್ವಂತ ಪರ್ಸು ತೆಗೆದಳು.

ಗಾಜಿನಿಂದ ಒಂದು ಹಳದಿ ಖಣ ಇಳಿಸಿ ಮಷೀನಿಗೆ ಹಿಡಿದಳು, ಬಿಲ್ ತೆಗೆದಳು, ನೂರಾ ಎಂಬತ್ತು ರೂಪಾಯಿ ಎಣಿಸಿ ತನ್ನ ಗಲ್ಲಾಕ್ಕೆ ತಾನೇ ಹಾಕಿದಳು. ಪೂಜೆಯ ಗೂಡಿನಿಂದ ಕುಂಕುಮ, ಒಂದು ಹಿಡಿ ಅಕ್ಕಿ ತಂದು ಗುರುಸಿದ್ದವ್ವನ ಎದುರು ನಿಂತಳು.

"ಅಂಗಡಿ ದರಾ ಮುರಿಯಾಕ ಬರೂದಿಲ್ಲ ಯವ್ವಾ, ಅದು ಎಲ್ಲಾರಿಗೂ ಒಂದ. ಇದು ನನ್ನ ರೊಕ್ಕದ್ದು. ಮೊದಲ ಬಂದ ಹೆಣ್ಣಮಗಳ ಉಡಿ ಬರಿದ ಕಳಸೂದಿಲ್ಲ ನಾ. ಸೆರಗ ಒಡ್ಡು."

ಗುರುಸಿದ್ದವ್ವ ಸೆರಗು ಒಡ್ಡಿದಳು. ಶೈಲಾ ಕುಂಕುಮ ಹಚ್ಚಿ, ಉಡಿಯಲ್ಲಿ ಅಕ್ಕಿ ಹಾಕಿ, ಖಣ ಇಟ್ಟು, ಬಗ್ಗಿ ಅವಳ ಕಾಲು ಮುಟ್ಟಿದಳು. ಮುದುಕಿ ಉಡಿಯಲ್ಲಿದ್ದ ಖಣವನ್ನು ಮುಟ್ಟಿ ನೋಡಿದಳು. ಜೀವಮಾನವಿಡೀ ಅಂಗಡಿಯವರೊಂದಿಗೆ ಗುದ್ದಾಡಿ ಗೆದ್ದವಳಿಗೆ, ಗುದ್ದಾಡದೆ ಸಿಕ್ಕಿದ್ದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ ಎಂದು ಕಾಣುತ್ತದೆ.

"ಭಾರೀ ಗಟ್ಟಿ ಅದಿ ಬಿಡ, ಹುಡಿಗಿ," ಎಂದಳು. "ತಗಿ, ಮೂವತ್ತ ಖಣ ಕಟ್ಟು."

ಜೊತೆಗೆ ಆರು ಸೀರೆ ಕೊಂಡರು. ಆರನೆಯದಕ್ಕೆ ಗುರುಸಿದ್ದವ್ವ ಚಟ ತಾಳದೆ ಐವತ್ತು ಕಡಿಮೆ ಕೇಳಿದಳು. ಶೈಲಾ ನಕ್ಕಳು, ಅವಳೂ ನಕ್ಕು ಪೂರಾ ರೊಕ್ಕ ಕೊಟ್ಟಳು.

ಅವರು ಹೋದ ಮೇಲೆ ಅಂಗಡಿಯಲ್ಲಿ ಮೂವರೇ ಉಳಿದೆವು. ಅಂದಪ್ಪನವರು ಎದ್ದು ಗಲ್ಲಾದ ಹತ್ತಿರ ಬಂದರು. ಮಗಳು ಮೊದಲು ಹಾಕಿದ್ದ ನೂರರ ನೋಟನ್ನು ಹುಡುಕಿ ತೆಗೆದು ಕಣ್ಣಿಗೊತ್ತಿಕೊಂಡರು. ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಇಳಕಲ್ಲಾಗ ಅಂಗಡಿ ಇಟ್ಟ ಮೊದಲ್ನೇ ವರ್ಷ," ಎಂದರು, "ನಾ ಎದುರಿನ ಚಾದಂಗಡಿಯವಗ ದಿನಾ ರೊಕ್ಕಾ ಕೊಟ್ಟು ಒಂದೊಂದು ಟವೆಲ್ ತಗೋಳಾಕ ಹಚ್ಚತಿದ್ದೆ. ಅವನ ಮನ್ಯಾಗ ಇನ್ನೂ ನಮ್ಮ ಟವೆಲ್ ಅದಾವ."

ಶೈಲಾ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ನಗು ಮೊದಲು ಅವಳಿಗೇ ಬಂದದ್ದು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮಡಚಿದ್ದ ಹಾಳೆಗಳನ್ನು ಕಸದ ಬುಟ್ಟಿಗೆ ಹಾಕಿದಳು. ಅಂದಪ್ಪನವರು ಅಲ್ಲೇ ನಿಂತು ಮೊಬೈಲ್ ಅಂಗಡಿಯವನಿಗೆ ಫೋನು ಮಾಡಿ, ಬೇರೆ ಮಳಿಗೆ ನೋಡಿಕೊಳ್ಳಪ್ಪಾ ಎಂದರು. ಸಂಜೆ ಹೊರಡುವಾಗ, ಈ ಕುರ್ಚಿ ತೆಗೆದು ಒಂದು ಸಣ್ಣ ಗಾದಿ ಹಾಕಿದರೆ ಅಡ್ಡಿಯಿಲ್ಲ ಎಂದು ಮಗಳಿಗೆ ಹೇಳಿ ಹೋದರು. ನನ್ನ ಮೊಣಕಾಲ ಬಗ್ಗೆ ಆ ಮನುಷ್ಯನಿಗೆ ಎಂದೂ ದಯೆ ಇಲ್ಲ.

ನನ್ನ ಇಪ್ಪತ್ತೊಂಬತ್ತು ಖಣದ ರೊಕ್ಕವನ್ನು ಶೈಲಾ ವಾಪಸ್ ಕೊಡಬಂದಳು. ನಾನು ಒಲ್ಲೆ ಎಂದೆ. ಕೊಂಡ ಸಾಮಾನಿಗೆ ರೊಕ್ಕ ವಾಪಸ್ ಇಲ್ಲ ಎಂದು ನೀನೇ ಗೋಡೆಯ ಮೇಲೆ ಬರೆಸಿದ್ದೀಯಲ್ಲ ಎಂದೆ. ಮರುವಾರ ಅವಳು ನನ್ನ ಕೈಗೊಂದು ಡಬ್ಬ ಕೊಟ್ಟಳು. ಮಿಕ್ಸರು. ಅದಕ್ಕೆ ಮಾತ್ರ ನಾನು ಚೌಕಾಶಿ ಮಾಡಲಿಲ್ಲ.

ಆದರೆ ಹುಣ್ಣಿಮೆಯ ಮರುದಿನದ ಮಾತು ಹೇಳದಿದ್ದರೆ ಕಥೆ ಮುಗಿಯುವುದಿಲ್ಲ. ಬೆಳಿಗ್ಗೆ ಶಟರ್ ಎತ್ತಿ ಕಸ ಹೊಡೆದು ನಿಂತಿದ್ದೆ. ಹತ್ತಕ್ಕೆ ಸರಿಯಾಗಿ ಆರಿಫಾ ಮೆಟ್ಟಿಲು ಹತ್ತಿ ಬಂದಳು. ಇನ್ನು ನೀನು ಬರಬೇಕಾಗಿಲ್ಲ, ಎಲ್ಲ ಸರಿಹೋಯಿತು ಎಂದು ನಿನ್ನೆಯೇ ಹೇಳಿದೆನಲ್ಲ ಎಂದೆ.

"ನೀ ಕರದೀ ಅಂತ ಬಂದಿಲ್ಲ ಆಪಾ," ಎಂದಳು. "ಆ ಕಮತಗಿ ಕುಪ್ಪಸಾ ಹೊಲ್ಯಾಕ ಮುಂಗಡ ರೊಕ್ಕಾ ಬಂದೈತಿ. ಇವತ್ತ ನಾ ಖರೇ ಗಿರಾಕಿ. ಆ ಗಿಳಿಹಸರ ಖಣ ತೋರಸು."

ತೋರಿಸಿದೆ. ಇಪ್ಪತ್ತೊಂಬತ್ತು ದಿನ ಕಣ್ಣೆತ್ತಿಯೂ ನೋಡದೆ ಒಯ್ದವಳು ಈಗ ಅದನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದಳು, ಅಂಚು ತಿಕ್ಕಿ ನೋಡಿದಳು, ಇನ್ನೆರಡು ಬಣ್ಣ ಇಳಿಸಲು ಹೇಳಿದಳು. ಕಡೆಗೆ ಪರ್ಸನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನನ್ನ ಎದುರು ಬಂದು ನಿಂತಳು.

"ಬೋಣಿಗಿ ಐತಿ. ಎಷ್ಟ ಕಡಿಮಿ ಮಾಡತಿ?"

ನಾನು ಉತ್ತರ ಕೊಡುವ ಮೊದಲು ಎದುರಿನ ಚಹಾದಂಗಡಿಗೆ ಎರಡು ಚಹಾ ಹೇಳಿದೆ.